ತೆರೆಯ ಇನ್ನೊಂದು ತುದಿ

ತಾಯಿಫ್
14 ಏಪ್ರಿಲ್ 2024

ಸಭಿಕ ಮಹಾಜನರೇ! ಚಾಪೆಯಲ್ಲಿ ಕುಳಿತ ಅತ್ತೆಯವರೇ, ಬಾಗಿಲಿಗೆ ಒರಗಿದ ನೆರೆಮನೆಯ ಯಶ್ಮಿತಾ, ಗಟ್ಟಿಯಾಗಿ ಓದುತ್ತಿರುವ ಮಗಳು ಅನಿಷಾ, ಎಲ್ಲರ ನಡುವೆ ಮುಖ ಊದಿಸಿಕೊಂಡ ನನ್ನ ವಸಂತಿ! ನೋಣಯನ ನಮಸ್ಕಾರ.

ಎರಡು ತಿಂಗಳಿಂದ ಫೋನ್ ಮಾಡಿಲ್ಲ, ತಪ್ಪಾಯಿತು. ಜೊತೆಯ ಪೇಂಟರ್ ಕಮಾಲುದ್ದೀನ್ ಕಟ್ಟಡಕ್ಕೆ ಕಟ್ಟಿದ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡ ದಿನದಿಂದ, ಮೂರು ಗದ್ದೆಯಾಚೆಗೆ ಕೇಳುತ್ತಿದ್ದ ನನ್ನ ಸ್ವರ ಗಂಟಲಲ್ಲೇ ಕುಳಿತಿದೆ. ಪಿಸುಮಾತಷ್ಟೇ ಬರುತ್ತದೆ. ಅದಕ್ಕೇ ಕಾಗದ ಬರೆದು ಅದರ ಫೋಟೋ ಕಳಿಸುತ್ತಿದ್ದೇನೆ.

ಮನಸ್ಸಿನ ಗಾಯಕ್ಕೆ ಮದ್ದು ಮಾಡುವ ಹೈದರಾಬಾದಿನ ಬತೂಲ್ ಡಾಕ್ಟರಮ್ಮ ಈ ಅರಬ್ ನಾಡಿನ ಆಸ್ಪತ್ರೆಯಲ್ಲಿದ್ದಾರೆ. ಮೊದಲ ದಿನವೇ ನಾನು ಇಡೀ ಪ್ರಸಂಗವನ್ನು ಒಂದೇ ಉಸಿರಿಗೆ ಆಡಿ ತೋರಿಸಲು ಹೊರಟು, ಅರ್ಧದಲ್ಲೇ ಕುಸಿದು ಕುಳಿತೆ. ಅವರು ಗದರಲಿಲ್ಲ. ಪಾದಕ್ಕೆ ತಾಗುವ ನೆಲದ ತಂಪನ್ನಷ್ಟೇ ಗಮನಿಸಿ ಎಂದರು. ಎಲ್ಲವನ್ನೂ ಇವತ್ತೇ ಹೇಳಬೇಕಿಲ್ಲ, ಬೇಡವೆನಿಸಿದಲ್ಲಿ ನಿಲ್ಲಿಸಬಹುದಂತೆ.

ಆಗ ನಾನು ಊರಲ್ಲಿ ಕಟ್ಟುತ್ತಿದ್ದ ಯಕ್ಷಗಾನದ ಬಣ್ಣದ ವೇಷ, ಆ ರಾಕ್ಷಸನನ್ನು ವಿವರಿಸಿದೆ. ರಾಕ್ಷಸ ಒಮ್ಮೆಲೇ ರಂಗಕ್ಕೆ ನುಗ್ಗುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಕುಣಿಯುತ್ತ ಮೊದಲು ಕಿರೀಟದ ತುದಿ, ಆಮೇಲೆ ಬೆರಳು, ಕೊನೆಗೆ ಮುಖ.

ಡಾಕ್ಟರಮ್ಮ ಎದ್ದು ಮಂಚದ ಚಾದರದ ತುದಿ ಎತ್ತಿ ಹಿಡಿದರು. “ನಿಮ್ಮ ರಾಕ್ಷಸ ಹಾಗೆಯೇ ಬರಲಿ. ಈ ತುದಿ ನನ್ನದು. ಇನ್ನೊಂದು ಯಾರದ್ದು?”

ನಾನು ನೆಲಕ್ಕೆ ಜೋತ ಇನ್ನೊಂದು ತುದಿಯನ್ನೇ ನೋಡಿದೆ.

ಅಂದಿನಿಂದ ವಾರಕ್ಕೊಂದು ಚೂರು ಹೇಳುತ್ತಿದ್ದೇನೆ. ಮೊದಲ ವಾರ ಬಣ್ಣದ ವಾಸನೆ, ಮರುವಾರ ಕಮಾಲುದ್ದೀನನ ಹಳದಿ ಟೊಪ್ಪಿ. ಕಿಟಕಿಯಾಚೆ ಮಂಜು ಬೆಟ್ಟವನ್ನು ಮುಚ್ಚುತ್ತದೆ, ತೆರೆಯುತ್ತದೆ. ಎಲ್ಲಿಂದಲೋ ಗುಲಾಬಿ ಕುದಿಸುವ ಕಂಪು ತೇಲಿ ಬರುತ್ತದೆ. ಮೊನ್ನೆ ಆ ಮಂಜಿನೊಳಗೆ ಕಮಾಲುದ್ದೀನ್ ಬ್ರಶ್ಶು ಹಿಡಿದು ನಡೆದುಹೋದ, ತಿರುಗಿ ನೋಡಿ ನಕ್ಕ. ನಾನು ಕೈ ಬೀಸಿದೆ.

ಅತ್ತೆಯವರಿಗೆ ವಂದನೆ. ಅನಿಷಾ, ನೂರ್ಕಾಲ ಬಾಳು ಮಗಳೇ.

ನಿನ್ನ
ನೋಣಯ

ಮ.ವಿ.: ಅನಿಷಾ, ಓದುವುದು ಇಲ್ಲಿಗೆ ಸಾಕು. ಫೋನನ್ನು ಅಮ್ಮನ ಕೈಗೆ ಕೊಡು.

ವಸಂತಿ, ಕಮಾಲುದ್ದೀನ್ ಬಿದ್ದ ದಿನ ಅವನು ಅಟ್ಟಣಿಗೆಯ ಮೇಲಿನಿಂದ, “ನೋಣಯಣ್ಣ, ಎಂತ ಸಪ್ಪೆ ಮಾರಾಯ್ರೆ ಇವತ್ತು, ನಿಮ್ಮ ರಾಕ್ಷಸನ ಅಟ್ಟಹಾಸ ಒಂದು ಬಿಡಿ” ಎಂದ. ನಾನು ಕೆಳಗಿನಿಂದ ಗರ್ಜಿಸಿದೆ. ಅವನು ಕಂಬಿ ಬಿಟ್ಟು, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ.

ಡಾಕ್ಟರಮ್ಮನಿಗೂ ಇದನ್ನು ಹೇಳಿಲ್ಲ. ತೆರೆಯ ಆ ಇನ್ನೊಂದು ತುದಿ ಹಿಡಿಯಲು ನಿನಗೆ ಮನಸ್ಸಿಲ್ಲದಿದ್ದರೆ ಫೋನು ಎತ್ತಬೇಡ. ನಾಳೆ ಬೆಳಿಗ್ಗೆ ಏಳಕ್ಕೆ ಮಾಡುತ್ತೇನೆ.