ಬೋಟು ಬಿಟ್ಟ ಎಂಬ ಮಾತು

ಬೈತಖೋಲ, ಕಾರವಾರ
ತಾ. ೧೬-೧೧-೨೦೦೬

ಚಂದನಾಳ ಅಪ್ಪನವರಿಗೆ ಹೀರಾ ಮಾಡುವ ನಮಸ್ಕಾರಗಳು.

ನಿಮ್ಮ ಮೈ ಹೇಗಿದೆ? ಭುಜದ ಸುಟ್ಟ ಗಾಯ ಒಣಗಿತೋ ಇಲ್ಲವೋ? ಆ ಪರದೇಶದ ಠಾಣೆಯಲ್ಲಿ ಅನ್ನ ಕೊಡುತ್ತಾರೋ, ಬರೀ ರೊಟ್ಟಿಯೋ? ಏನು ಕೊಟ್ಟರೂ ಹೊಟ್ಟೆತುಂಬ ಉಣ್ಣಿ. ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತೆ, ಕೈ ಏಳುತ್ತಿಲ್ಲ.

ನಿಮ್ಮ ಜೊತೆ ಬೋಟಿನಲ್ಲಿದ್ದ ಬೇಲೆಕೇರಿಯ ಜಟ್ಟ ಅಲ್ಲಿನ ಆಸ್ಪತ್ರೆಯಿಂದ ಊರಿಗೆ ಬಂದ ಮೇಲೆ, ಅವನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಕಳಿಸಿ ಎಂದು ನಿಮ್ಮ ವಕೀಲರು ಹೇಳಿದ್ದರಲ್ಲ. ಅವನು ಹೇಳಿದ್ದನ್ನು ಚಂದನಾ ಬರೆದಳು. ಬೆಂಕಿ ಎದ್ದ ಮೇಲೆ ನೀವು ಬೋಟು ಬಿಟ್ಟಿರಿ ಎನ್ನುವುದಕ್ಕೆ ‘ಲೆಫ್ಟ್’ ಎಂದು ಹಾಕಿದ್ದಳು. ಕೋರ್ಟಿನ ಹತ್ತಿರ ಟೈಪು ಮಾಡುವ ಶಾಂತಾರಾಮ ಅದನ್ನು ಓದಿ, “ಬಾಯೀ, ಇದು ಶಾಲೆ ಮಕ್ಕಳ ಇಂಗ್ಲಿಷು, ಕೋರ್ಟಿಗೆ ತೂಕದ ಶಬ್ದ ಬೇಕು” ಎಂದು ಅದರ ಬದಲು ‘ಅಬಾಂಡನ್’ ಎಂಬ ಶಬ್ದ ಹಾಕಿದ. ಅರ್ಥ ಒಂದೇ ಅಂದ. ಪಾಪ, ಒಳ್ಳೆಯದಕ್ಕೇ ಮಾಡಿದ. ನಾವೂ ಖುಷಿಯಿಂದ ಫ್ಯಾಕ್ಸ್ ಮಾಡಿಸಿ ಬಂದೆವು.

ಸೋಮವಾರ ವಕೀಲರ ಫೋನು ಬಂತು. ಉರಿಯುವ ಬೋಟನ್ನು ಅನಾಥ ಮಾಡಿ ಓಡಿದ ಎಂದೇ ಅಲ್ಲವೇ ಮಾಲೀಕ ನಿಮ್ಮ ಮೇಲೆ ದೂರು ಕೊಟ್ಟದ್ದು? ಈಗ ಅವನ ಕಡೆಯವರು ಆ ಒಂದು ಶಬ್ದ ಹಿಡಿದು, ನೋಡಿ, ಇವನದೇ ಸಾಕ್ಷಿ ಅದನ್ನೇ ಹೇಳಿದ್ದಾನೆ ಎನ್ನುತ್ತಿದ್ದಾರಂತೆ. ಹೀಗೇ ಉಳಿದರೆ ಐದು ವರ್ಷ ಜೈಲು. ಚಂದನಾ ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ. “ಪರೀಕ್ಷೇಲಿ ಸಮಾನಾರ್ಥಕ ಪದ ಬರೀರಿ ಅಂದ್ರೆ ನಾನೂ ಅದನ್ನೇ ಬರೀತಿದ್ದೆ ಆಯಿ, ಪೂರ್ತಿ ಮಾರ್ಕ್ಸೂ ಸಿಗ್ತಿತ್ತು” ಎಂದು ಅಳುತ್ತಾಳೆ.

ಮಂಗಳವಾರ ಅವಳನ್ನು ಕರೆದುಕೊಂಡು ಅಂಕೋಲೆಗೆ ಹೋದೆ. ಹೈಸ್ಕೂಲಿನಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದ ಗಂಗೂ ಅಕ್ಕೋರ ಮನೆಗೆ ಜಟ್ಟನನ್ನೂ ಬರಹೇಳಿದ್ದೆ. ಅವನ ಎರಡೂ ಕೈಗೆ ಇನ್ನೂ ಬಟ್ಟೆ ಸುತ್ತಿದೆ, ಚಹಾದ ಲೋಟ ನಾನೇ ಹಿಡಿದು ಕುಡಿಸಿದೆ. ಚಂದನಾ ಬದಲಿಗೆ ಒಂದೊಂದೇ ಶಬ್ದ ಹೇಳಿದಳು, ಅಕ್ಕೋರು ಒಂದೊಂದನ್ನೇ ಹೊಡೆದುಹಾಕಿದರು. ಮೊದಲಿನ ‘ಲೆಫ್ಟ್’ ಎಂದರೂ ಈಗ ಬಿಟ್ಟುಹೋದ ಎಂದೇ ಹಿಡಿದಾರು. ‘ಡೆಸರ್ಟ್’ ಅಂದರೆ ಕೆಲಸಕ್ಕೆ ದ್ರೋಹ. ‘ಫ್ಲೆಡ್’ ಅಂದರೆ ಹೆದರಿ ಓಡಿದ್ದು. ‘ಎಸ್ಕೇಪ್’ ಅಂದರೆ ತಪ್ಪಿಸಿಕೊಂಡ ಕಳ್ಳ ಎಂದು ಓದಿಯಾರು. “ಡಿಕ್ಷನರೀಲಿ ಇವೆಲ್ಲ ಒಂದೇ ಪಂಕ್ತೀಲಿ ಕೂತಿರ್ತವೆ ತಂಗೀ, ಆದ್ರೆ ಒಂದೇ ಮನೆಯವಲ್ಲ” ಅಂದರು. ನನಗೆ ಆಗ ಹೊಳೆಯಿತು: ನೀವು ಮನೆ ಬಿಟ್ಟು ಮೂರು ವರ್ಷವಾಯಿತು ಎಂದು ನಾನೇ ಎಲ್ಲರಿಗೂ ಹೇಳುತ್ತೇನಲ್ಲ. ನಮ್ಮನ್ನು ಕೈಬಿಟ್ಟಿರಿ ಎಂದು ಅದರ ಅರ್ಥವೇ?

ಕೊನೆಗೆ ಅಕ್ಕೋರು ಕಾಗದ ಬದಿಗಿಟ್ಟು, ಆ ದಿನ ಆದದ್ದನ್ನು ಮೊದಲಿನಿಂದ ಹೇಳು ಎಂದು ಜಟ್ಟನನ್ನು ಕೇಳಿದರು. ಅವನು ನೆಲ ನೋಡುತ್ತ ಹೇಳಿದ: “ನನ್ನ ಕಾಲು ಬಲೆಯಾಗೆ ಸಿಕ್ಕಂಡಿತ್ತು ಅಕ್ಕೋರೆ. ಉಳದವ್ರೆಲ್ಲ ಆಗ್ಲೇ ನೀರಿಗೆ ಬಿದ್ದಾಗಿತ್ತು. ಪುಂಡಲೀಕ ಹೊಗೆಯಾಗೆ ತಿರುಗಿ ಬಂದ. ಬಲೆ ಕೊಯ್ದು, ನನ್ನ ಹೊತ್ಕಂಡು ಹಾರ್ದ.” ನೀವು ತಿರುಗಿ ಹೋದದ್ದು ನನಗೆ ಗೊತ್ತೇ ಇರಲಿಲ್ಲ. ಮೊದಲ ಕಾಗದದಲ್ಲಿ ಆ ಮಾತೇ ಬಂದಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಚಂದನಾಳ ಕೈಯಿಂದ ಬರೆಸಿದರು: ಹೀ ಕೇಮ್ ಬ್ಯಾಕ್, ಕಟ್ ದ ನೆಟ್ ಆ್ಯಂಡ್ ಜಂಪ್ಡ್ ವಿತ್ ಮೀ. ಎಲ್ಲ ಸಣ್ಣ ಶಬ್ದಗಳು. ಜಟ್ಟ ಹೆಬ್ಬೆಟ್ಟಿನ ಬಟ್ಟೆ ಬಿಚ್ಚಿಸಿಕೊಂಡು ಒತ್ತಿದ. ಅಲ್ಲಿಂದಲೇ ಫ್ಯಾಕ್ಸ್ ಮಾಡಿದೆವು.

ಖಾಪ್ರಿ ದೇವರಿಗೆ ಹೇಳಿಕೊಂಡಿದ್ದೇನೆ. ಜಟ್ಟ, ಅವನ ಹೆಂಡತಿ ಸುಬ್ಬಿ ನಿಮ್ಮನ್ನು ಕೇಳಿದ್ದಾರೆ. ಚಂದನಾ ಕಾಲಿಗೆ ಬೀಳುತ್ತಾಳೆ. ಧೈರ್ಯವಾಗಿರಿ.

ನಿಮ್ಮ
ಹೀರಾ

ತಾ.ಕ.: ಚೆಂಡಿಯಾದ ರೋಷನ ಇಂದೇ ನೀವಿರುವ ಊರಿಗೆ ಹೊರಟಿದ್ದಾನೆ, ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ. ಈಗಷ್ಟೇ ವಕೀಲರು ಫೋನು ಮಾಡಿದ್ದರು. ಹೊಸ ಹೇಳಿಕೆ ಮುಟ್ಟಿದೆ, ಆದರೆ ಹಳೆಯದೂ ಫೈಲಿನಲ್ಲೇ ಇದೆ. ಹಾಗಾಗಿ ಬರುವ ವಾರ ಜಡ್ಜು ನಿಮ್ಮನ್ನೇ ಕೇಳುತ್ತಾರಂತೆ. ದುಭಾಷಿ ಸಿಗುವುದು ಖಾತ್ರಿಯಿಲ್ಲ. ಮಾಲೀಕನ ಕಡೆಯವರು ನಗುನಗುತ್ತ ಇಂಗ್ಲಿಷಿನಲ್ಲಿ ಏನೋ ಕೇಳಿಯಾರು. ಮರ್ಯಾದೆಗೆಂದು ‘ಯೆಸ್’ ಅನ್ನಬೇಡಿ, ನಿಮ್ಮ ಕೈ ಮುಗಿಯುತ್ತೇನೆ. ಆದದ್ದನ್ನು ನಮ್ಮ ಕೊಂಕಣಿಯಲ್ಲೇ ಹೇಳಿ. ತಿಳಿಯುವವರು ಯಾರಾದರೂ ಬರುವ ತನಕ ಹೇಳುತ್ತಲೇ ಇರಿ.