ಬಾಗಿಲು ತೆರೆಯುವ ರೀತಿ

ನ್ಖಾಟಾ ಬೇ,
ಶುಕ್ರವಾರ ಸಂಜೆ

ನನ್ನ ಮುದ್ದು ವೆಜಿ,

ಮದುವೆಯ ರಜೆ ಮುಗಿಸಿ ನೀನು ಲಿಕೋಮಾ ದ್ವೀಪದ ಶಾಲೆಗೆ ಮರಳಿದ ಮೇಲೂ ನಾನು ಸಂತೋಷವಾಗಿದ್ದೇನೆ. ಅಪಾರವಾಗಿ, ವಿಪರೀತವಾಗಿ ಸಂತೋಷವಾಗಿದ್ದೇನೆ. ಈ ವಾರ ಮಕ್ಕಳಿಗೆ ಇಂಗ್ಲಿಷಿನ ಕ್ರಿಯಾವಿಶೇಷಣ ಕಲಿಸುತ್ತಿದ್ದೇನಲ್ಲ, ಕಾಗದದಲ್ಲೂ ಅವೇ ತುಂಬಿಕೊಳ್ಳುತ್ತಿವೆ.

ಇವತ್ತು ಒಂದು ಆಟ ಆಡಿಸಿದೆ. ಒಬ್ಬರು ಏನಾದರೂ ಕೆಲಸ ಮಾಡಿ ತೋರಿಸಬೇಕು; ಹೇಗೆ ಮಾಡಿದರೆಂದು ಉಳಿದವರು ಒಂದೇ ಪದದಲ್ಲಿ ಹೇಳಬೇಕು. ನನ್ನ ಸರದಿ ಬಂದಾಗ 'ಹ್ಯಾಪಿಲಿ' ಎಂದುಕೊಂಡು, ಹೊರಗೆ ನೀನೇ ನಿಂತಿದ್ದೀಯೆಂದು ಭಾವಿಸಿ ತರಗತಿಯ ಬಾಗಿಲು ತೆರೆದೆ.

"ಸ್ಲೋಲಿ," ಎಂದ ಒಬ್ಬ ಹುಡುಗ.

"ಅಲ್ಲ ಕಣೋ, ಕೇರ್‌ಫುಲಿ," ಎಂದಳು ಟೆಂವಾ. "ಟೀಚರ್ ಮೊದ್ಲು ಸಂದೀಲಿ ಇಣುಕಿದ್ರು, ನೋಡ್ಲಿಲ್ವಾ? ಬಂದಿರೋದು ಬೇರೆ ಯಾರೋ ಅಂತ ಅವ್ರಿಗೆ ಭಯ."

ಅವಳಿಗೇ ಅಂಕ ಕೊಟ್ಟೆ. ದ್ವೀಪದಿಂದ ಹಡಗು ಬರುವ ದಿನ ಮನೆಯ ಬಾಗಿಲನ್ನೂ ನಾನು ಹಾಗೆಯೇ ತೆರೆಯುವುದು. "ನೀನು ಮದುವೆ ಆಗಿದ್ದು ನನ್ನ ಮಗನ್ನೋ, ಈ ಬಾಗಿಲನ್ನೋ?" ಎಂದು ಅತ್ತೆ ನಗುತ್ತಾರೆ. ನಾನೂ ನಗುತ್ತೇನೆ.

ನಮ್ಮ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿಯಾಗಿದೆ. ನಿನ್ನ ವರ್ಗಾವಣೆಯ ಅರ್ಜಿಯನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕಿ, ಹಡಗು ಹಿಂತಿರುಗುವಾಗ ಕಳಿಸು. ಅತ್ತೆ ಒಣಗಿಸಿದ ಮೀನು ಕಟ್ಟಿಕೊಟ್ಟಿದ್ದಾರೆ, ಎಲ್ಲವನ್ನೂ ಹಂಚಿಬಿಡಬೇಡ.

ಬರುವಾಗ ಬಾಗಿಲು ಬಡಿಯಬೇಡ. ದಡದಿಂದಲೇ ನನ್ನ ಹೆಸರು ಕೂಗು. ಆಗ ಇಣುಕದೆ ತೆರೆಯುತ್ತೇನೆ.

ನಿನ್ನವಳೇ,
ತಿವೊಂಗೆ