ಅಪ್ಪನ ಬಂದೂಕಿನ ಉದ್ದ

ಜೋರಾಪುರ ಪೇಟೆ, ವಿಜಯಪುರ
೧೧ ಅಕ್ಟೋಬರ್ ೨೦೨೫, ಶನಿವಾರ

ಚಿರಂಜೀವಿ ತಮ್ಮ ಸಂಗೂಗೆ,

ಅಕ್ಕನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ನೀನು ನಮ್ಮ ಮನೆಯವರ ಕೈಯಲ್ಲಿ ಅಪ್ಪನ ಬಂದೂಕು ಕೊಟ್ಟು ಕಳಿಸಿದಾಗಿನಿಂದ ಆ ಮಾತು ಬರೆಯಲು ನನಗೆ ಮನಸ್ಸಿಲ್ಲ. ಫೋನಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ ಕಟ್ ಮಾಡುತ್ತೀ. ಕಾಗದವಾದರೆ ಕೊನೆಯತನಕ ಓದುತ್ತೀ ಎಂದು ಗೊತ್ತು. ಅಕ್ಕ ಎಲ್ಲಿ ಬೈದಿದ್ದಾಳೆ ಎಂದು ಹುಡುಕುವ ಚಟ ನಿನಗೆ ಮೊದಲಿನಿಂದಲೂ ಇದೆ.

ನಿಮ್ಮ ಮಾವ ಪಾಪ, ನೀನು ಸಹಿ ಮಾಡಿದ ಚೀಟಿ ನಂಬಿ, ಬರೀ ರಿಪೇರಿ ಎಂದುಕೊಂಡು ಅದನ್ನು ಹೊತ್ತು ತಂದರು. ಸ್ಟೇಷನ್ ರಸ್ತೆಯ ಹಿಂದೆ ಜಿಲಾನಿಯವರ ಬಂದೂಕಿನ ಅಂಗಡಿಯಲ್ಲಿ ನಿನಗೆ ಫೋನು ಹಚ್ಚಿಕೊಟ್ಟಾಗಲೇ ಗೊತ್ತಾಗಿದ್ದು, ನಿನಗೆ ನಳಿಗೆ ಅರ್ಧಕ್ಕೆ ಕಡಿಸಬೇಕಾಗಿದೆ, ಹಿಂದಿನ ಕಟ್ಟಿಗೆಯೂ ಮುಷ್ಟಿಯಷ್ಟೇ ಉಳಿಯಬೇಕು ಎಂದು. ಜಿಲಾನಿಯವರು ಬಂದೂಕನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರಂತೆ. 'ಸಿದ್ರಾಮಣ್ಣ, ಇದನ್ನ ನಾ ಕಡಿಯಾಂಗಿಲ್ರಿ. ಕಡದಾಂವಾನೂ ಒಳಗ, ಕಡಿಸಿದಾಂವಾನೂ ಒಳಗ' ಎಂದರಂತೆ. ಇವರು ಮನೆಗೆ ಬಂದು ಎರಡು ತಂಬಿಗೆ ನೀರು ಕುಡಿದರು. ಈಗ ನೀನು ಸೋಮವಾರ ಬಂದು ಅದನ್ನು ಬಿಡಿಸಿಕೊಂಡು ತಿಕೋಟಾದ ಯಾರೋ ಲೇಥಿನವನ ಹತ್ತಿರ ಒಯ್ಯುತ್ತೀಯಂತೆ. ಅದಕ್ಕೇ ಈ ಕಾಗದ, ನಾಳೆ ನಿಮ್ಮ ಮಾವನ ಕೈಯಲ್ಲೇ ಕಳಿಸುತ್ತೇನೆ.

ನೀನು ನನ್ನ ಮಗಳು ನೇತ್ರಾಳ ಮೊಬೈಲಿಗೆ ಕಳಿಸಿದ ವಿಡಿಯೋ ನಾನೂ ನೋಡಿದೆ. ಅಮೆರಿಕದ ಯಾವನೋ ದಾಡಿಯವನು ಟೇಬಲ್ಲಿನ ಮೇಲೆ ಬಿಡಿ ಭಾಗ ಹರವಿಕೊಂಡು ಗಿಡ್ಡ ಬಂದೂಕು ಜೋಡಿಸುತ್ತಾನೆ. ಅವರೆಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ನಾವ್ಯಾಕೆ ಹೆದರಬೇಕು ಎಂದು ನೀನು ಬರೆದಿದ್ದೆ. ನಿನ್ನ ಸೊಸೆ ಕಾನೂನು ಓದುತ್ತಿರುವ ಹುಡುಗಿ, ಬಿಟ್ಟಾಳೆಯೇ? ಅಲ್ಲಿಯೂ ನಳಿಗೆಗೆ ಅಳತೆ ಇದೆಯಂತೆ. ಪಿಸ್ತೂಲಿಗೆ ಭುಜಕ್ಕೆ ಆನಿಸುವ ಕಟ್ಟಿಗೆ ಒಂದು ಸೇರಿಸಿದರೂ ಸಾಕು, ಅದು ಬೇರೆ ಜಾತಿಯ ಆಯುಧವಾಗಿ, ಬೇರೆ ಪರವಾನಗಿ ಬೇಡುತ್ತದಂತೆ. ಇಲ್ಲಂತೂ ಅಪ್ಪಣೆಯಿಲ್ಲದೆ ನಳಿಗೆ ಗಿಡ್ಡ ಮಾಡುವುದೇ ಅಪರಾಧ. ನಿನ್ನ ಲೈಸನ್ಸು ಕೊಟ್ಟಿರುವುದು ಅಪ್ಪನ ಈ ಜೋಡುನಳಿಗೆಗೆ, ಅದರ ತುಂಡಿಗಲ್ಲ. 'ಮಾಮಾಗ ಹೇಳವ್ವಾ, ಇದು ದಂಡಾ ಕಟ್ಟಿ ಮನಿಗೆ ಬರೂ ಕೇಸ್ ಅಲ್ಲ' ಎಂದು ಅವಳು ನನಗೇ ಗದರಿದಳು.

ಕಾನೂನು ಒತ್ತಟ್ಟಿಗಿರಲಿ. ಟ್ರ್ಯಾಕ್ಟರಿನಿಂದ ಬಿದ್ದು ಭುಜ ನೋಯಿಸಿಕೊಂಡಿದ್ದೀ, ಉದ್ದನೆಯದು ಎತ್ತಲು ಆಗುವುದಿಲ್ಲ ಎಂದೆಯಲ್ಲ, ಅದನ್ನೂ ಇವರಿಂದ ಜಿಲಾನಿಯವರಿಗೆ ಕೇಳಿಸಿದೆ. ಗಿಡ್ಡ ಮಾಡಿದರೆ ಒದೆತ ಇನ್ನೂ ಜೋರಂತೆ, ಛರೆಗುಂಡು ಎಲ್ಲೆಂದರಲ್ಲಿ ಚೆಲ್ಲುತ್ತದಂತೆ, ಸಪ್ಪಳಕ್ಕೆ ಕಿವಿಯೇ ಹೋದೀತಂತೆ. ಭುಜದ ನೋವಿಗಾದರೆ ಹಿಂದೆ ರಬ್ಬರಿನ ಮೆತ್ತೆ ಕೂಡಿಸಿ ಕೊಡುತ್ತೇನೆ, ಅಷ್ಟು ಸಾಕು ಎಂದರು. ಮಾತಂತೂ ನೆಟ್ಟಗಿದೆ.

ಸಂಗು, ಆ ಬಂದೂಕಿನ ಉದ್ದದ ಮೇಲೆ ಅಪ್ಪನಿಗೆ ಎಷ್ಟು ಅಭಿಮಾನವಿತ್ತು ನೆನಪಿದೆಯೇ? ಪ್ರತಿ ಚುನಾವಣೆಗೂ ಅದನ್ನು ಬಬಲೇಶ್ವರದ ಠಾಣೆಯಲ್ಲಿ ಇಟ್ಟು ಬರಬೇಕಿತ್ತು. ಒಯ್ಯುವ ದಿನ ಅವ್ವ ಅದನ್ನು ಒರೆಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು, ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಕೊಡುತ್ತಿದ್ದಳು. ನನ್ನನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಮುತುವರ್ಜಿ ವಹಿಸಿರಲಿಲ್ಲ. ಅಪ್ಪ ಬಸ್ಸಿನಲ್ಲಿ ಅದನ್ನು ಎರಡು ಮೊಣಕಾಲಿನ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕೂರುತ್ತಿದ್ದ. ಒಮ್ಮೆ ಕಂಡಕ್ಟರ್, 'ಬಸಗೊಂಡಪ್ಪನೋರ, ಇದಕ್ಕೂ ಟಿಕೀಟ ಹರೀಲೇನ್ರಿ?' ಎಂದದ್ದಕ್ಕೆ ಅಪ್ಪ ಮುಖ ಗಂಟು ಹಾಕಿಕೊಂಡು, 'ಅರ್ಧಾ ಹರಿಯಪಾ, ಇನ್ನಾ ಸಣ್ಣದೈತಿ' ಎಂದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ಫಲಿತಾಂಶ ಬಂದ ಮೇಲೆ, ಯಾರು ಗೆದ್ದರು ಎಂದು ಅಪ್ಪ ಕೇಳುತ್ತಿರಲಿಲ್ಲ, ಬಂದೂಕು ಯಾವಾಗ ಕೊಡುತ್ತಾರೆ ಎಂದು ಕೇಳುತ್ತಿದ್ದ.

ಗೋವಿನಜೋಳ ತೆನೆಗಟ್ಟಿದಾಗ ಮುಂಜಾವಿನಲ್ಲಿ ನಾವೆಲ್ಲ ಹಂದಿ ಕಾಯಲು ಹೊಲದ ಅಟ್ಟದ ಮೇಲೆ ಇರುತ್ತಿದ್ದೆವು. ನಾನು, ನೀನು, ಚಿಕ್ಕಪ್ಪನ ಮಗ ರಾಮಲಿಂಗ. ಅಪ್ಪ ಒಂದು ಹಂದಿಯನ್ನೂ ಹೊಡೆಯಲಿಲ್ಲ, ಆಕಾಶಕ್ಕೆ ಹಾರಿಸಿ ಬೆದರಿಸುತ್ತಿದ್ದ, ಅಷ್ಟೇ. ಅವನು ಬಂದೂಕು ಎತ್ತಿದೊಡನೆ ನೀನು ರಾಮಲಿಂಗನ ಕಿವಿ ಮುಚ್ಚುತ್ತಿದ್ದೆ, ಅವನು ನಿನ್ನ ಕಿವಿ ಮುಚ್ಚುತ್ತಿದ್ದ. ತಮ್ಮ ತಮ್ಮ ಕಿವಿ ತಾವೇ ಮುಚ್ಚಿಕೊಳ್ಳಬಹುದು ಎಂಬುದು ನಿಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ನಾನು ಅದನ್ನು ಕಂಡು ಎಷ್ಟು ನಕ್ಕಿದ್ದೇನೆ, ಈಗ ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ.

ಈಗ ನೆಟ್ಟಗೆ ಕೇಳುತ್ತೇನೆ. ಹಂದಿಗೆ ಬೆದರಿಕೆ ಹಾಕಲು ಗಿಡ್ಡ ಬಂದೂಕು ಯಾಕೆ ಬೇಕು? ಉದ್ದನೆಯದು ನಾಲ್ಕು ಜನರಿಗೆ ಕಾಣುತ್ತದೆ. ಅಪ್ಪನಿಗೆ ಅದು ಕಾಣುವುದೇ ಬೇಕಿತ್ತು, ಒಯ್ದರೂ ತಂದರೂ ಊರಿಗೆಲ್ಲ ಗೊತ್ತಾಗಲಿ ಎಂದು. ಅರ್ಧಕ್ಕೆ ಕಡಿದದ್ದು ಜೀಪಿನ ಸೀಟಿನ ಕೆಳಗೆ ಹಿಡಿಸುತ್ತದೆ, ಕಂಬಳಿಯೊಳಗೆ ಹಿಡಿಸುತ್ತದೆ. ಹಂದಿಯಿಂದ ಮುಚ್ಚಿಡುವುದು ಏನಿದೆ, ಸಂಗು? ಮುಚ್ಚಿಡಬೇಕಾದದ್ದು ಮನುಷ್ಯರಿಂದ.

ಬದುವಿನ ಬನ್ನಿ ಗಿಡವನ್ನು ರಾಮಲಿಂಗ ನಿನಗೆ ಕೇಳದೆ ಕಡಿಸಿದ್ದು ತಪ್ಪು. ಅದನ್ನು ನಾನು ಅವನ ಮುಖದ ಮೇಲೆಯೇ ಹೇಳಿದ್ದೇನೆ. ಎರಡು ಮನೆಯವರೂ ಪ್ರತಿ ದಸರೆಗೆ ಆ ಒಂದೇ ಗಿಡದ ಎಲೆ ಹರಿದು ಒಬ್ಬರಿಗೊಬ್ಬರು ಬಂಗಾರವೆಂದು ಕೊಟ್ಟು, ಅಪ್ಪಿಕೊಂಡು, ಹಿರಿಯರ ಕಾಲಿಗೆ ಬೀಳುತ್ತಿದ್ದವರು. ಈ ದಸರೆಗೆ ನೀನು ಪೇಟೆಯ ಬನ್ನಿ ತಂದು ಊರಿಗೆಲ್ಲ ಹಂಚಿದೆಯಂತೆ, ಪಕ್ಕದ ರಾಮಲಿಂಗನ ಬಾಗಿಲು ಮಾತ್ರ ಬಿಟ್ಟೆಯಂತೆ. ಅದೇ ಹಬ್ಬದಲ್ಲಿ ಬಂದೂಕಿಗೂ ಪೂಜೆ ಮಾಡಿದೆ. ಆ ಪೂಜೆ ಯಾರ ಮೇಲಿನ ಸಿಟ್ಟಿಗೆ ಮಾಡಿದ್ದು ಎಂದು ನನಗೆ ಭಯವಾಗುತ್ತಿದೆ. ನೀನು ಕೆಟ್ಟವನೆಂದು ಹೇಳುತ್ತಿಲ್ಲ. ಸಿಟ್ಟು ಬಂದ ಗಳಿಗೆಯಲ್ಲಿ ಅದು ಕೈಗೆ ಹತ್ತಿರವಿದ್ದರೆ ಏನಾದೀತೆಂಬುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸೋಮವಾರ ಬಾ, ಬೇಡ ಎನ್ನುವುದಿಲ್ಲ. ಜೋಳದ ರೊಟ್ಟಿ, ಎಣಗಾಯಿ ಮಾಡಿರುತ್ತೇನೆ. ಊಟ ಮಾಡಿ, ನಿಮ್ಮ ಮಾವನ ಜೊತೆ ಜಿಲಾನಿಯವರಲ್ಲಿಗೆ ಹೋಗಿ ರಬ್ಬರಿನ ಮೆತ್ತೆ ಹಾಕಿಸು. ಸಿಟ್ಟು ಇಳಿಯುವತನಕ ಬಂದೂಕು ಅಲ್ಲಿಯೇ ಇರಲಿ. ಪೊಲೀಸರಿಗೆ ಅರ್ಜಿ ಕೊಟ್ಟು ಅದನ್ನು ಅಂಗಡಿಯಲ್ಲಿ ಇಡುವ ದಾರಿ ಇದೆಯಂತೆ, ನೇತ್ರಾ ಬರೆದುಕೊಡುತ್ತಾಳೆ. ಇದನ್ನು ಬಿಟ್ಟು ತಿಕೋಟಾದ ದಾರಿ ಹಿಡಿದೆಯಾದರೆ, ನಾನೇ ಠಾಣೆಗೆ ಹೋಗಿ ಹೇಳುತ್ತೇನೆ. ತವರು ಮುರಿದುಹೋದರೂ ಚಿಂತೆಯಿಲ್ಲ. ತಮ್ಮನನ್ನು ಜೈಲಿನ ಜಾಲರಿಯಾಚೆ ನೋಡುವುದಕ್ಕಿಂತ ತಮ್ಮನಿಂದ ಬೈಸಿಕೊಳ್ಳುವುದು ನನಗೆ ಸುಲಭ.

ನಿನ್ನ ಹೆಂಡತಿ ಮಹಾನಂದಾಳಿಗೆ ನನ್ನ ಆಶೀರ್ವಾದ ಹೇಳು. ಈ ಕಾಗದ ಅವಳಿಗೂ ಓದಲು ಕೊಡು, ಹರಿದು ಒಲೆಗೆ ಹಾಕಬೇಡ.

ನಿನ್ನ ಒಳ್ಳೆಯದನ್ನೇ ಬಯಸುವ ಅಕ್ಕ,
ವಿಜಯಲಕ್ಷ್ಮೀ

ತಾ.ಕ.: ಇದನ್ನು ಬರೆಯಬಾರದೆಂದು ಇದ್ದೆ, ಆದರೆ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ನಿನ್ನೆ ರಾಮಲಿಂಗ ನಮ್ಮ ಮನೆಗೆ ಬಂದಿದ್ದ. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ, ಪಡಸಾಲೆಯಲ್ಲಿ ಗೋಡೆಗೆ ಆನಿಕೊಂಡೇ ಕೂತಿದ್ದ. ಬಂದೂಕಿನ ಲೈಸನ್ಸಿಗೆ ಏನೇನು ಬೇಕಾಗುತ್ತದೆ ಎಂದು ನೇತ್ರಾಳನ್ನು ಕೇಳಿದ. ಯಾತಕ್ಕೆ ಎಂದು ಅವಳು ಕೇಳಿದಳು. 'ಜೀವಕ್ಕ ಅಂಜಿಕಿ ಐತಿ ಅಂತ ಬರೀಬೇಕವಾ' ಎಂದ. ಯಾರ ಅಂಜಿಕೆಯೋ ಎಂದು ನಾನು ಕೇಳಿದೆ. ತಲೆ ಎತ್ತದೆ ನಿನ್ನ ಹೆಸರು ಹೇಳಿದ.